ಮೂರು ಡಬ್ಬಿಯ ಮೆಶ್ ವೈಫೈ: ಕೊಡಗಿನ ಹೋಂಸ್ಟೇಗೆ ಹಾಕುವ ಮುನ್ನ

ಕುಶಾಲನಗರವಿರಲಿ, ವಿರಾಜಪೇಟೆಯಿರಲಿ, ಅಂಗಡಿಗೆ ಹೋಗಿ "ಕಾಟೇಜಿಗೂ ವೈಫೈ ಸಿಗಬೇಕು" ಎಂದರೆ ಈಗ ಮೊದಲು ಮೇಜಿನ ಮೇಲೆ ಬರುವುದು ಮೆಶ್ ಸೆಟ್. ಬಿಳಿ ಡಬ್ಬಿ ಮೂರು, ಅಡಾಪ್ಟರ್ ಮೂರು, ಗಿಡ್ಡ ಕೇಬಲ್ ಒಂದು. ಮೊದಲ ಡಬ್ಬಿಯನ್ನು ಫೈಬರ್ ಮೋಡೆಮ್‌ಗೆ ಸಿಕ್ಕಿಸಿ ಉಳಿದೆರಡಕ್ಕೆ ಕರೆಂಟ್ ಕೊಟ್ಟರೆ ಅವು ತಾವೇ ಒಂದನ್ನೊಂದು ಹುಡುಕಿಕೊಂಡು, ಯಾವ ಚಾನೆಲ್, ಯಾವ ದಾರಿ ಎಂದು ತೀರ್ಮಾನಿಸಿ, ಒಂದೇ ಹೆಸರಿನ ವೈಫೈ ಹಬ್ಬಿಸುತ್ತವೆ. ಈ ವಿಮರ್ಶೆ ಅಂಥ ಒಂದು ಸೆಟ್‌ನದು: ವೈಫೈ 6, ಎರಡು ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್), ಪ್ರತಿ ಡಬ್ಬಿಯಲ್ಲಿ ಎರಡು ಗಿಗಾಬಿಟ್ ಪೋರ್ಟ್, ಮೊಬೈಲ್ ಆ್ಯಪ್‌ನಿಂದಲೇ ಎಲ್ಲ ನಿರ್ವಹಣೆ, ಬೆಲೆ ಹತ್ತು ಸಾವಿರದ ಆಸುಪಾಸು. ಕಂಪನಿಯ ಹೆಸರು ಬರೆಯುತ್ತಿಲ್ಲ. ಇಲ್ಲಿ ಹೇಳುವ ಕುಂದುಗಳಲ್ಲಿ ಬಹುಪಾಲು ಈ ಬೆಲೆಯ ಬೇರೆ ಸೆಟ್‌ಗಳಲ್ಲೂ ಇವೆ, ಹಾಗಾಗಿ ಯಾವುದನ್ನು ಕೊಂಡರೂ ಇದೇ ಪರೀಕ್ಷೆ ಮಾಡಬಹುದು.

ವೇಗದ ಮಾತು ಬೇಗ ಮುಗಿಸೋಣ. ಒಂದೇ ಕಟ್ಟಡದೊಳಗೆ ಸೆಟ್ ಚೆನ್ನಾಗಿದೆ. ಎರಡೇ ಬ್ಯಾಂಡ್ ಇರುವ ಡಬ್ಬಿಗಳು ಫೋನಿನ ಜೊತೆ ಮಾತಾಡುವ ರೇಡಿಯೋದಲ್ಲೇ ತಮ್ಮತಮ್ಮಲ್ಲೂ ಮಾತಾಡಬೇಕು, ಆದ್ದರಿಂದ ನಿಸ್ತಂತುವಾಗಿ ಒಂದೊಂದು ಡಬ್ಬಿ ದಾಟುವಾಗಲೂ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಳೆಯ ಮನೆಯ ದಪ್ಪ ಕಲ್ಲುಗೋಡೆ, ನಡುವೆ ಕಾಫಿ, ಮೇಲೆ ಸಿಲ್ವರ್ ಓಕ್, ಅದರ ಮೇಲೆ ಮಳೆಗಾಲದ ಕಕ್ಕಡ ತಿಂಗಳ ಮಳೆ: ಒದ್ದೆ ಎಲೆ 5 ಗಿಗಾಹರ್ಟ್ಸ್ ಸಿಗ್ನಲ್ಲನ್ನು ನುಂಗುತ್ತದೆ. ಬೇಸಿಗೆಯಲ್ಲಿ ಸರಿಯಾಗಿದ್ದ ಸಂಪರ್ಕ ಜೂನ್ ಬಂದ ಕೂಡಲೇ 2.4 ಗಿಗಾಹರ್ಟ್ಸ್‌ಗೆ ಇಳಿದು ಕುಂಟುತ್ತದೆ. ದೂರದ ಕಾಟೇಜಿಗೆ ಕೇಬಲ್ ಎಳೆಯುವುದೇ ಸರಿ. ಆ ವಿಷಯ ಕೊನೆಯಲ್ಲಿದೆ.

ಈ ವಿಮರ್ಶೆಯ ಹೆಚ್ಚಿನ ಜಾಗ ಭದ್ರತೆಗೆ. ಹೋಂಸ್ಟೇ ಎಂದರೆ ವಾರಕ್ಕೊಮ್ಮೆ ಹೊಸ ಮುಖಗಳು ಪಾಸ್‌ವರ್ಡ್ ಕೇಳಿ ನಿಮ್ಮ ನೆಟ್‌ವರ್ಕಿನೊಳಗೆ ಬರುವ ಜಾಗ. ಅದೇ ನೆಟ್‌ವರ್ಕಿನಲ್ಲಿ ಗೇಟಿನ ಸಿಸಿಟಿವಿ, ಕಣದ ಕ್ಯಾಮೆರಾ, ಮೋಟಾರ್ ಸ್ಟಾರ್ಟರ್‌ನ ವೈಫೈ ಸ್ವಿಚ್, ಆಫೀಸಿನ ಕಂಪ್ಯೂಟರ್ ಇರುತ್ತವೆ. ಆ ಕಂಪ್ಯೂಟರಿನಲ್ಲಿ ಅತಿಥಿಗಳ ಆಧಾರ್ ಪ್ರತಿ, ವಿದೇಶಿಯರ ಪಾಸ್‌ಪೋರ್ಟ್ ಪ್ರತಿ ಇರುತ್ತದೆ (ವಿದೇಶಿ ಅತಿಥಿಯ ವಿವರವನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಲೇಬೇಕಲ್ಲ). ತಾನೇ ಹೊಂದಿಕೊಳ್ಳುವ ನೆಟ್‌ವರ್ಕ್‌ನ ಮೂಲಗುಣ ಒಂದೇ: ಮೊದಲು ಮಾತಾಡಿದವರನ್ನು ನಂಬುವುದು. ಮನೆಯವರು ಮಾತ್ರ ಇರುವ ಕಡೆ ಆ ಗುಣ ಅನುಕೂಲ, ಹೋಂಸ್ಟೇಯಲ್ಲಿ ಅದೇ ತೂತು.

ಮೊದಲ ತೂತು ಡಬ್ಬಿಯ ಹಿಂಭಾಗದಲ್ಲೇ ಇದೆ. ಹೊಸ ಡಬ್ಬಿ ಸೇರಿಸಲು ಹಳೆಯ ಡಬ್ಬಿಯ ಗುಂಡಿ ಒತ್ತಬೇಕು, ಹೊಸದರ ಗುಂಡಿಯನ್ನೂ ಒತ್ತಬೇಕು. ಒತ್ತಿದ ಮೇಲೆ 2 ನಿಮಿಷ ಬಾಗಿಲು ತೆರೆದಿರುತ್ತದೆ. ಇದು ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬರೆಯದೆ ವೈಫೈಗೆ ಸೇರಿಸುವ ಏರ್ಪಾಡು) ಪುಶ್ ಬಟನ್ ವಿಧಾನ. 2018ರಲ್ಲಿ ವೈಫೈ ಕಂಪನಿಗಳ ಒಕ್ಕೂಟವಾದ ವೈಫೈ ಅಲಯನ್ಸ್ ತಂದ ಈಸಿಮೆಶ್ (ಬೇರೆಬೇರೆ ಕಂಪನಿಯ ಮೆಶ್ ಡಬ್ಬಿಗಳಿಗೆ ಒಂದೇ ನಿಯಮ) ಕೂಡ ಶುರುವಾದದ್ದು ಇದೇ ಗುಂಡಿಯಿಂದ. ಹಳೆಯ ಎಂಟಂಕಿಯ ಪಿನ್ ವಿಧಾನ ಇದಕ್ಕಿಂತ ಕೆಟ್ಟದ್ದು. 2011ರಲ್ಲಿ ಭದ್ರತಾ ಸಂಶೋಧಕ ಸ್ಟೆಫಾನ್ ಫೀಬ್ಯೋಕ್ ತೋರಿಸಿದಂತೆ ರೌಟರ್ ಆ ಪಿನ್ನನ್ನು ಎರಡು ತುಂಡು ಮಾಡಿ ಒಂದೊಂದನ್ನೇ ಸರಿಯೋ ತಪ್ಪೋ ಎಂದು ಹೇಳುತ್ತದೆ, ಕೊನೆಯ ಅಂಕಿ ಬರೀ ತಾಳೆ ನೋಡುವ ಅಂಕಿ. ಹೀಗಾಗಿ ಗರಿಷ್ಠ 11,000 ಪ್ರಯತ್ನದಲ್ಲಿ ಪಿನ್ ಸಿಕ್ಕಿಬಿಡುತ್ತದೆ. ಈ ಸೆಟ್‌ನಲ್ಲಿ ಪಿನ್ ಇಲ್ಲವೇ ಇಲ್ಲ, ಅದು ಒಳ್ಳೆಯದು. ಆದರೆ ಗುಂಡಿ ಇದೆ, ಮೂರನೇ ಡಬ್ಬಿ ಇರುವುದು ಅತಿಥಿಯ ಕೋಣೆಯಲ್ಲಿ, ಟಿವಿಯ ಪಕ್ಕ, ಕೈಗೆ ಎಟುಕುವ ಎತ್ತರದಲ್ಲಿ. ಬಾಗಿಲು ಹಾಕಿಕೊಂಡು ಗುಂಡಿ ಒತ್ತಿ ತಮ್ಮ ಲ್ಯಾಪ್‌ಟಾಪನ್ನು ಸೇರಿಸಿಕೊಂಡರೆ ಅದು ಅತಿಥಿಗಳಿಗೆಂದೇ ಬೇರೆ ಇಟ್ಟ ಗೆಸ್ಟ್ ವೈಫೈಗಲ್ಲ, ನೇರ ಮನೆಯ ನೆಟ್‌ವರ್ಕಿಗೆ ಸೇರುತ್ತದೆ. ಪಾಸ್‌ವರ್ಡ್ ಯಾರೂ ಕೇಳುವುದಿಲ್ಲ.

ಆ್ಯಪ್‌ನಲ್ಲಿ ಡಬ್ಲ್ಯುಪಿಎಸ್ ಆಫ್ ಮಾಡುವ ಸೆಟ್ಟಿಂಗ್ ಇದೆ. ಆಫ್ ಮಾಡಿ ನೋಡಿದಾಗ ಮುಖ್ಯ ಡಬ್ಬಿಯ ಗುಂಡಿ ಸತ್ತಿತು, ಉಳಿದೆರಡರ ಗುಂಡಿ ಜೀವಂತವಾಗಿಯೇ ಉಳಿಯಿತು. ಇದು ಈ ಸೆಟ್‌ನ ಗಂಭೀರ ದೋಷ, ಕಂಪನಿ ಫರ್ಮ್‌ವೇರ್‌ನಲ್ಲೇ (ಡಬ್ಬಿಯೊಳಗಿನ ತಂತ್ರಾಂಶದಲ್ಲೇ) ಸರಿಪಡಿಸಬೇಕಾದದ್ದು. ಅಲ್ಲಿಯವರೆಗೆ ಕಾಟೇಜಿನ ಡಬ್ಬಿಯನ್ನು ಅಟ್ಟದ ಮೇಲೆ ಅಥವಾ ಹೊರಗಿನ ಸೂರಿನಡಿ, ಬೀಗ ಹಾಕಬಹುದಾದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಡಿ. ತಗಡಿನ ಪೆಟ್ಟಿಗೆ ಬೇಡ, ಸಿಗ್ನಲ್ ಹೊರಗೆ ಬರುವುದಿಲ್ಲ. ಪೆಟ್ಟಿಗೆಯ ಕೆಳಬದಿಗೆ ಗಾಳಿಯಾಡಲು ತೂತು ಬೇಕು, ಮೇಲ್ಬದಿಗೆ ಬೇಡ. ಖಾಲಿ ಪೋರ್ಟ್ ಕೂಡ ಪೆಟ್ಟಿಗೆಯೊಳಗೇ ಇರಲಿ, ಏಕೆಂದರೆ ಆ ಪೋರ್ಟಿಗೆ ಕೇಬಲ್ ಚುಚ್ಚಿದವರೂ ಮನೆಯ ನೆಟ್‌ವರ್ಕಿನಲ್ಲೇ ಇರುತ್ತಾರೆ.

ರೀಸೆಟ್ ತೂತಿನ ಕತೆಯೂ ಇದೇ. ಸೂಜಿಯಿಂದ ಹತ್ತು ಸೆಕೆಂಡ್ ಒತ್ತಿದರೆ ಡಬ್ಬಿ ತನ್ನ ಒಡೆಯನನ್ನು ಮರೆತು, ಪಾಸ್‌ವರ್ಡಿಲ್ಲದ ವೈಫೈ ಹಾಕಿಕೊಂಡು ಹೊಸ ಒಡೆಯನಿಗೆ ಕಾಯುತ್ತದೆ. ಭದ್ರತಾ ಸಂಶೋಧಕರಾದ ಫ್ರಾಂಕ್ ಸ್ಟಜಾನೊ ಮತ್ತು ರಾಸ್ ಆ್ಯಂಡರ್‌ಸನ್ 1999ರಲ್ಲೇ ಇಂಥ ಉಪಕರಣಗಳನ್ನು ಬಾತುಕೋಳಿ ಮರಿಗೆ ಹೋಲಿಸಿದ್ದರು: ಮೊಟ್ಟೆಯೊಡೆದು ಬಂದ ಮರಿ ಮೊದಲು ಕಂಡದ್ದನ್ನೇ ತಾಯಿ ಎಂದುಕೊಂಡು ಹಿಂಬಾಲಿಸುತ್ತದೆ. ರೀಸೆಟ್ ಎಂದರೆ ಮರಿಗೆ ಮರುಹುಟ್ಟು. ಆದ್ದರಿಂದ ಮೂರೂ ಡಬ್ಬಿಗಳನ್ನು ಆಫೀಸ್ ಕೋಣೆಯಲ್ಲಿ ಒಂದೇ ಮೇಜಿನ ಮೇಲಿಟ್ಟು, ಅತಿಥಿಗಳಿಲ್ಲದ ದಿನ ಸೇರಿಸಿ, ಆಮೇಲೆ ಆಯಾ ಜಾಗಕ್ಕೆ ಒಯ್ಯಿರಿ. ಕಾಟೇಜಿನಲ್ಲಿ ನಿಂತು ಸೇರಿಸಬೇಡಿ.

ಮರಿಯ ತಾಯಿ ಯಾರು ಎಂಬ ಪ್ರಶ್ನೆಗೆ ಇನ್ನೊಂದು ಮುಖವಿದೆ. ಸೆಟ್ ಶುರುಮಾಡಲು ಆ್ಯಪ್‌ನಲ್ಲಿ ಖಾತೆ ತೆರೆಯಬೇಕು. ಹಾಕಲು ಬಂದ ಹುಡುಗ ತನ್ನ ಫೋನಿನಲ್ಲಿ, ತನ್ನ ಇಮೇಲ್‌ನಲ್ಲಿ ಖಾತೆ ತೆರೆದು ಹತ್ತು ನಿಮಿಷದಲ್ಲಿ ಮುಗಿಸಿ ಹೋಗುತ್ತಾನೆ. ಕೆಟ್ಟ ಉದ್ದೇಶ ಇರಬೇಕೆಂದಿಲ್ಲ, ದಿನಕ್ಕೆ ನಾಲ್ಕು ಕಡೆ ಹೋಗಬೇಕಾದವನ ಆತುರ. ಆದರೆ ಅಲ್ಲಿಂದ ಮುಂದೆ ನಿಮ್ಮ ವೈಫೈ ಪಾಸ್‌ವರ್ಡ್, ಯಾವ ಫೋನ್ ಯಾವಾಗ ಬಂತು ಹೋಯಿತು ಎಂಬ ಪಟ್ಟಿ, ಎಲ್ಲವೂ ಅವನ ಫೋನಿನಲ್ಲಿ. ಆ ಫೋನ್ ಕಳೆದರೆ ಕದ್ದವನ ಕೈಯಲ್ಲಿ. ನಿಮ್ಮನ್ನು 'ಮ್ಯಾನೇಜರ್' ಆಗಿ ಸೇರಿಸಿದ್ದರೆ ಸಾಲದು, ಒಡೆತನ ಅವನದೇ ಆಗಿರುತ್ತದೆ. ಅವನ ಖಾತೆಯಿಂದ ಸೆಟ್ ತೆಗೆಸಿ, ರೀಸೆಟ್ ಮಾಡಿ, ನಿಮ್ಮ ಇಮೇಲ್‌ನಲ್ಲಿ ಮೊದಲಿನಿಂದ ಶುರುಮಾಡಿ, ಎರಡು ಹಂತದ ಪರಿಶೀಲನೆ ಹಾಕಿ. ಅರ್ಧ ಗಂಟೆಯ ಕೆಲಸ. ಈ ಇಡೀ ವಿಮರ್ಶೆಯಲ್ಲಿ ಒಂದೇ ಕೆಲಸ ಮಾಡುವಷ್ಟು ಬಿಡುವಿದ್ದರೆ ಇದನ್ನು ಮಾಡಿ.

ಈಗ ಗೆಸ್ಟ್ ನೆಟ್‌ವರ್ಕ್. ಡಬ್ಬಿಯ ಮೇಲೆ "ಗೆಸ್ಟ್‌ಗಳು ನಿಮ್ಮ ಉಪಕರಣಗಳನ್ನು ನೋಡಲಾರರು" ಎಂದು ಅಚ್ಚಾಗಿದೆ. ಎಲ್ಲ ಕಡೆ ಅದು ನಿಜವಲ್ಲ, ಹೇಗೆ ಜೋಡಿಸಿದ್ದೀರಿ ಎಂಬುದರ ಮೇಲೆ ನಿಂತಿದೆ.

ಪರೀಕ್ಷೆ ಸುಲಭ. ಸಿಸಿಟಿವಿಯ ದೃಶ್ಯ ದಾಖಲಿಸುವ ಪೆಟ್ಟಿಗೆ, ಅಂದರೆ ಡಿವಿಆರ್‌ನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಅಂಕಿಯ ವಿಳಾಸ) ಬರೆದಿಟ್ಟುಕೊಳ್ಳಿ, ಉದಾಹರಣೆಗೆ 192.168.1.20. ಒಂದು ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ ಗೆಸ್ಟ್ ವೈಫೈಗೆ ಸೇರಿಸಿ. ಬ್ರೌಸರಿನ ವಿಳಾಸ ಪಟ್ಟಿಯಲ್ಲಿ ಆ ಅಂಕಿಗಳನ್ನೇ ಬರೆದು ಒತ್ತಿ. ಲಾಗಿನ್ ಪುಟ ಬಂದರೆ ಗೋಡೆ ಇಲ್ಲ. ಇದನ್ನು ಮೂರೂ ಡಬ್ಬಿಗಳ ಪಕ್ಕ ನಿಂತು ಬೇರೆಬೇರೆಯಾಗಿ ಮಾಡಬೇಕು, ಮುಖ್ಯ ಡಬ್ಬಿಯ ಬಳಿ ತಡೆದದ್ದು ಕಾಟೇಜಿನ ಡಬ್ಬಿಯ ಬಳಿ ತೂರಿಹೋಗುವುದುಂಟು.

ಈ ಸೆಟ್ಟನ್ನು ಎರಡು ಬಗೆಯಲ್ಲಿ ಓಡಿಸಬಹುದು, ಆ್ಯಕ್ಸೆಸ್ ಪಾಯಿಂಟ್ ಮೋಡ್ (ಬರೀ ವೈಫೈ ಹಬ್ಬಿಸುವುದು) ಮತ್ತು ರೌಟರ್ ಮೋಡ್ (ವಿಳಾಸ ಹಂಚಿ ಒಳಗು ಹೊರಗನ್ನು ತಾನೇ ಬೇರ್ಪಡಿಸುವುದು). ಅಳವಡಿಸುವವರು ಸಾಮಾನ್ಯವಾಗಿ ಮೊದಲನೆಯದನ್ನು ಆರಿಸುತ್ತಾರೆ, ಏಕೆಂದರೆ ಫೈಬರ್ ಮೋಡೆಮ್ ಆಗಲೇ ರೌಟರ್ ಕೆಲಸ ಮಾಡುತ್ತಿರುತ್ತದೆ, ಎರಡು ರೌಟರ್ ಬೇಡವೆಂಬ ಲೆಕ್ಕ. ಆ ಮೋಡ್‌ನಲ್ಲಿ ಗೆಸ್ಟ್ ಫೋನಿಗೂ ಡಿವಿಆರ್‌ಗೂ ಐಪಿ ಕೊಡುವುದು ಅದೇ ಮೋಡೆಮ್, ಇಬ್ಬರೂ ಒಂದೇ ಸಾಲಿನವರು. ಪರೀಕ್ಷೆಯಲ್ಲಿ ದೂರದ ಕಾಟೇಜಿನಿಂದ ಡಿವಿಆರ್‌ನ ಲಾಗಿನ್ ಪುಟ ಸಲೀಸಾಗಿ ತೆರೆಯಿತು.

ರೌಟರ್ ಮೋಡ್‌ಗೆ ಬದಲಿಸಿದ ಮೇಲೂ ಪುಟ ತೆರೆಯಿತು! ಕಾರಣ ಹುಡುಕಿದರೆ ಕೇಬಲ್‌ನಲ್ಲಿದೆ. ಡಿವಿಆರ್ ಚುಚ್ಚಿರುವುದು ಮೋಡೆಮ್‌ನ ಪೋರ್ಟಿಗೆ. ಮೆಶ್ ಸೆಟ್‌ನ ಕಣ್ಣಿನಲ್ಲಿ ಮೋಡೆಮ್‌ನ ಕಡೆಯದೆಲ್ಲ 'ಹೊರಗಿನ ಇಂಟರ್‌ನೆಟ್', ಗೆಸ್ಟ್‌ಗೆ ಹೊರಗೆ ಹೋಗಲು ಅನುಮತಿ ಇದ್ದೇ ಇದೆ, ಹೋಗುವ ದಾರಿಯಲ್ಲೇ ಡಿವಿಆರ್ ಕುಳಿತಿದೆ. ಡಿವಿಆರ್ ಕೇಬಲ್ಲನ್ನು ಮೋಡೆಮ್‌ನಿಂದ ಕಿತ್ತು ಮೊದಲ ಮೆಶ್ ಡಬ್ಬಿಯ ಎರಡನೇ ಪೋರ್ಟಿಗೆ ಹಾಕಿದ ಮೇಲೆ, ಹೊಸ ವಿಳಾಸಕ್ಕೆ ಪ್ರಯತ್ನಿಸಿದಾಗ ಮೂರೂ ಕಡೆ ಬಾಗಿಲು ಮುಚ್ಚಿತು. ಒಂದು ಕೇಬಲ್‌ನ ಜಾಗ ಬದಲಿಸಿದ್ದಕ್ಕೆ ಇಷ್ಟು ಫಲ. ಮೋಡೆಮ್‌ನ ಸ್ವಂತ ವೈಫೈ ಆಫ್ ಮಾಡಲು ಮರೆಯಬೇಡಿ, ಅದರ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಗೆಸ್ಟ್ ಫೋನಿನಿಂದ ಮೋಡೆಮ್‌ನ ಪುಟ ಇನ್ನೂ ಕಾಣುತ್ತದೆ.

ಅದೂ ಕಾಣಬಾರದೆಂದರೆ ಮೋಡೆಮ್ಮನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಬೇಕು, ಆಗ ಅದು ರೌಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುತ್ತದೆ. ಇಂಟರ್‌ನೆಟ್ ಕೊಡುವವರಿಗೆ ಫೋನ್ ಮಾಡಿ ಪಿಪಿಪಿಒಇ (ಇಂಟರ್‌ನೆಟ್ ಸಂಪರ್ಕಕ್ಕೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್ ಮತ್ತು ವಿಲ್ಯಾನ್ ಸಂಖ್ಯೆ (ಒಂದೇ ಕೇಬಲ್‌ನಲ್ಲಿ ಹಲವು ನೆಟ್‌ವರ್ಕ್‌ಗಳನ್ನು ಬೇರೆಬೇರೆಯಾಗಿ ಗುರುತಿಸುವ ಅಂಕಿ) ಕೇಳಿ ಪಡೆದು ಮೆಶ್ ಆ್ಯಪ್‌ನಲ್ಲಿ ಹಾಕಿ. ವಿಲ್ಯಾನ್ ಸಂಖ್ಯೆ ಬಿಟ್ಟುಹೋದರೆ ಎಲ್ಲ ಸರಿಯಿದ್ದೂ ಸಂಪರ್ಕ ಬರುವುದಿಲ್ಲ, ಜನ ಇಲ್ಲೇ ಸೋತು ಹಳೆಯ ಜೋಡಣೆಗೆ ವಾಪಸಾಗುವುದು.

ಆ್ಯಪ್‌ನಲ್ಲಿ ಸ್ವಿಚ್, ಬಲ್ಬಿನಂಥ ಉಪಕರಣಗಳಿಗೆಂದು 'ಐಒಟಿ ನೆಟ್‌ವರ್ಕ್' ಎಂಬ ಮೂರನೆಯದೂ ಇದೆ. ಹೆಸರು ನೋಡಿ ಮೋಸ ಹೋಗಬೇಡಿ: ಈ ಸೆಟ್‌ನಲ್ಲಿ ಅದು ಬೇರೆ ಹೆಸರಿನ ವೈಫೈ ಅಷ್ಟೇ, ಮನೆಯ ನೆಟ್‌ವರ್ಕಿಗೂ ಅದಕ್ಕೂ ಗೋಡೆ ಇಲ್ಲ. ಮೋಟಾರ್ ಸ್ವಿಚ್, ಬಲ್ಬುಗಳನ್ನು ಗೋಡೆಯಾಚೆ ಇಡಬೇಕೆಂದರೆ ಉಪಕರಣವಾರು ಪ್ರತ್ಯೇಕಿಸುವ ಆಯ್ಕೆ ಪಟ್ಟಿಯ ಒಳಗೆ ಅಡಗಿದೆ, ಒಂದೊಂದಕ್ಕೂ ಕೈಯಾರೆ ಹಾಕಬೇಕು.

ಕೆಲವು ಫೋನಿಗೆ ನೆಟ್ ಬರುತ್ತದೆ, ಪಕ್ಕದಲ್ಲೇ ಇರುವ ಇನ್ನು ಕೆಲವಕ್ಕೆ ಬರುವುದಿಲ್ಲ ಎಂಬ ದೂರು ಹೋಂಸ್ಟೇಗಳಲ್ಲಿ ಆಗಾಗ ಕೇಳುವಂಥದ್ದು. ಎಲ್ಲರೂ ಸಿಗ್ನಲ್ಲನ್ನು ಬೈಯುತ್ತಾರೆ. ಬಹಳ ಸಲ ಕಾರಣ ಎರಡನೇ ಡಿಎಚ್‌ಸಿಪಿ ಸರ್ವರ್, ಅಂದರೆ ಐಪಿ ವಿಳಾಸ ಹಂಚುವ ಇನ್ನೊಂದು ಪೆಟ್ಟಿಗೆ. ನೆಟ್‌ವರ್ಕಿಗೆ ಬಂದ ಫೋನ್ "ನನಗೊಂದು ವಿಳಾಸ ಕೊಡಿ" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ, ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನೇ ಹಿಡಿಯುತ್ತದೆ. ಉತ್ತರ ಕೊಟ್ಟವರು ಯಾರೆಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿ ಇಲ್ಲ. ತೋಟದ ಕಾರ್ಮಿಕರ ಲೈನ್‌ಮನೆಯ ಕಡೆ ಸಿಗ್ನಲ್ ಸಾಲದೆಂದು ಯಾರೋ ಅಟ್ಟದಲ್ಲಿದ್ದ ಹಳೆಯ ರೌಟರ್ ತಂದು ಅದರ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿದರೆ ಅದೂ ವಿಳಾಸ ಹಂಚಲು ಶುರುಮಾಡುತ್ತದೆ. ಮರೆವಿನಿಂದಾದರೆ ನೆಟ್ ನಿಲ್ಲುತ್ತದೆ. ಬೇಕೆಂದೇ ಮಾಡಿದರೆ ನೆಟ್ ನಿಲ್ಲುವುದಿಲ್ಲ, ಎಲ್ಲರ ಮಾತೂ ಆ ಪೆಟ್ಟಿಗೆಯ ಮೂಲಕ ಹಾದುಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಪತ್ತೆಗೆ ಫೋನಿನ ವೈಫೈ ವಿವರದಲ್ಲಿ 'ಗೇಟ್‌ವೇ' ನೋಡಿ. ಅದು ಮೊದಲ ಮೆಶ್ ಡಬ್ಬಿಯ ವಿಳಾಸವೇ ಆಗಿರಬೇಕು. ಬೇರೆ ಅಂಕಿ ಕಂಡರೆ ಒಂದೊಂದೇ ಕೇಬಲ್ ಕಿತ್ತು, ಫೋನನ್ನು ಮತ್ತೆ ಸೇರಿಸಿ, ಯಾವ ಕೇಬಲ್ ತೆಗೆದಾಗ ಸರಿಯಾಯಿತು ಎಂದು ಗುರುತಿಸಿ. ವಿಳಾಸ 169.254ರಿಂದ ಶುರುವಾಗಿದ್ದರೆ ಯಾರೂ ಉತ್ತರ ಕೊಡಲಿಲ್ಲ, ಉಪಕರಣ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ ಎಂದರ್ಥ. ಶಾಶ್ವತ ಮದ್ದು ಡಿಎಚ್‌ಸಿಪಿ ಸ್ನೂಪಿಂಗ್ ಇರುವ ಮ್ಯಾನೇಜ್ಡ್ ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ): ಯಾವ ಪೋರ್ಟಿನಿಂದ ಬಂದ ಉತ್ತರವನ್ನು ಮಾತ್ರ ನಂಬಬೇಕೆಂದು ಅದಕ್ಕೆ ಹೇಳಬಹುದು. ಐಪಿ ವಿಳಾಸದ ಹೊಸ ಪದ್ಧತಿಯಾದ ಐಪಿವಿ6ನಲ್ಲೂ (ಹಳೆಯದು ಐಪಿವಿ4) ಇದೇ ಕಾಯಿಲೆ, ಅಲ್ಲಿ "ನಾನೇ ರೌಟರ್" ಎಂಬ ಘೋಷಣೆಯನ್ನು ಯಾರು ಬೇಕಾದರೂ ಹೊರಡಿಸಬಹುದು. ಅದನ್ನು ತಡೆಯುವ ಆರ್‌ಎ ಗಾರ್ಡ್‌ನ ವಿವರಣೆ 2011ರಲ್ಲೇ ಬಂದಿದೆ, ಆದರೂ ಈ ಸೆಟ್‌ನಲ್ಲಿ ಎರಡೂ ಇಲ್ಲ.

ಯುಪಿಎನ್‌ಪಿ ಪೆಟ್ಟಿಗೆಯಿಂದ ತೆಗೆದಾಗಲೇ ಚಾಲೂ ಇರುತ್ತದೆ. ಒಳಗಿನ ಯಾವ ಉಪಕರಣವಾದರೂ "ನನಗಾಗಿ ಹೊರಗಿನಿಂದ ಒಂದು ಬಾಗಿಲು ತೆರೆ" ಎಂದರೆ ರೌಟರ್ ಗುರುತು ಕೇಳದೆ ತೆರೆಯುತ್ತದೆ. ಅಗ್ಗದ ಡಿವಿಆರ್‌ಗಳು ಹೀಗೆ 80, 554 ಅಂಕಿಯ ಬಾಗಿಲುಗಳನ್ನು (ಇವಕ್ಕೂ ಪೋರ್ಟ್ ಎಂದೇ ಹೆಸರು) ತೆರೆಸಿಕೊಳ್ಳುತ್ತವೆ. 2016ರ ಮಿರಾಯ್ ದಾಳಿ ಕ್ಯಾಮೆರಾ, ಡಿವಿಆರ್‌ಗಳನ್ನು ಹಿಡಿದದ್ದು ಕಾರ್ಖಾನೆಯಲ್ಲಿ ಹಾಕಿದ ಸುಮಾರು 60 ಜೋಡಿ ಯೂಸರ್‌ನೇಮ್, ಪಾಸ್‌ವರ್ಡ್‌ಗಳ ಪಟ್ಟಿಯಿಂದ, ಬೇರೆ ಜಾಣತನವೇನೂ ಬೇಕಾಗಲಿಲ್ಲ. ಸೆಟ್‌ನ ಮೆಚ್ಚಬೇಕಾದ ಅಂಶವೆಂದರೆ ಯಾರು ಯಾವ ಬಾಗಿಲು ತೆರೆಸಿಕೊಂಡಿದ್ದಾರೆ ಎಂಬ ಪಟ್ಟಿ ಆ್ಯಪ್‌ನಲ್ಲಿ ಕಾಣುತ್ತದೆ. ನೋಡಿ, ಆಮೇಲೆ ಯುಪಿಎನ್‌ಪಿ ಆಫ್ ಮಾಡಿಬಿಡಿ. "ಆಫ್ ಮಾಡಿದರೆ ಬೆಂಗಳೂರಿನಲ್ಲಿರುವ ಮಗನಿಗೆ ಕ್ಯಾಮೆರಾ ಕಾಣುವುದಿಲ್ಲ" ಎಂಬ ಭಯ ಬೇಡ, ಕ್ಯಾಮೆರಾ ಕಂಪನಿಯ ಆ್ಯಪ್‌ನಲ್ಲಿ ನೋಡುವುದಾದರೆ ಡಿವಿಆರ್ ತಾನೇ ಒಳಗಿನಿಂದ ಹೊರಗೆ ಸಂಪರ್ಕ ಮಾಡಿಕೊಂಡಿರುತ್ತದೆ. ಮೆಶ್ ಡಬ್ಬಿಗೆ ಸಿಕ್ಕ ಹೊರವಿಳಾಸ 100.64ರಿಂದ 100.127ರ ನಡುವೆ ಶುರುವಾಗಿದ್ದರೆ, ಅಂದರೆ ಹಲವು ಮನೆಗಳಿಗೆ ಸೇರಿ ಒಂದೇ ಹೊರವಿಳಾಸ ಇದ್ದರೆ, ಹೊರಗಿನಿಂದ ಐಪಿವಿ4ನಲ್ಲಿ ಹೇಗೂ ನೇರ ಬರಲಾಗದು. ಆದರೆ ಐಪಿವಿ6ಗೆ ಆ ಮರೆ ಇಲ್ಲ, ಅಲ್ಲಿ ಕಾವಲು ಫೈರ್‌ವಾಲ್ ಮಾತ್ರ. ಈ ಸೆಟ್‌ನಲ್ಲಿ ಅದು ಚಾಲೂ ಇದೆ, ನಿಮ್ಮದರಲ್ಲಿ ಖಚಿತ ಮಾಡಿಕೊಳ್ಳಿ.

ಪಾಸ್‌ವರ್ಡ್ ಬಗ್ಗೆ. ಗೋಡೆಗೆ ಅಂಟಿಸಿದ ಚೀಟಿಯ ಪಾಸ್‌ವರ್ಡ್ ಗೊತ್ತಿರುವ ಯಾರೇ ಆಗಲಿ, ಡಬ್ಲ್ಯುಪಿಎ2 ಎಂಬ ಹಳೆಯ ವೈಫೈ ಭದ್ರತಾ ವಿಧಾನದಲ್ಲಿ ಇನ್ನೊಬ್ಬರ ಫೋನ್ ಸೇರಿಕೊಳ್ಳುವ ಕ್ಷಣವನ್ನು ಹಿಡಿದಿಟ್ಟುಕೊಂಡರೆ ಅವರ ವೈಫೈ ಗೂಢಲಿಪಿ ಬಿಡಿಸಬಹುದು. 2018ರಲ್ಲಿ ಬಂದ ಡಬ್ಲ್ಯುಪಿಎ3 ಇದನ್ನು ತಡೆಯುತ್ತದೆ. ಸೆಟ್ ತಾನಾಗಿ ಹಾಕಿಕೊಳ್ಳುವುದು ಎರಡೂ ಬೆರೆತ ಮೋಡ್, ಅದರಲ್ಲಿ ಫೋನನ್ನು ಹಳೆಯ ವಿಧಾನಕ್ಕೆ ಎಳೆದು ಇಳಿಸಬಹುದೆಂದು ಸಂಶೋಧಕರಾದ ಮಾಥಿ ವಾನ್‌ಹೋಫ್ ಮತ್ತು ಎಯಾಲ್ ರೋನೆನ್ 2019ರಲ್ಲಿ ತೋರಿಸಿದ್ದಾರೆ. ಮನೆಯ ನೆಟ್‌ವರ್ಕಿನ ಉಪಕರಣಗಳು ಒಪ್ಪಿದರೆ ಡಬ್ಲ್ಯುಪಿಎ3 ಮಾತ್ರ ಇಡಿ. ಗೆಸ್ಟ್‌ಗೆ ಬೆರೆತದ್ದೇ ಇರಲಿ, ಹಳೆಯ ಫೋನ್ ತರುವವರಿರುತ್ತಾರೆ. ಅದರ ಪಾಸ್‌ವರ್ಡ್ ವಾರಕ್ಕೊಮ್ಮೆ ಬದಲಾಗಲಿ, ಆ್ಯಪ್ ಕೊಡುವ ಕ್ಯೂಆರ್ ಅಚ್ಚು ಹಾಕಿ ಕಾಟೇಜಿನಲ್ಲಿಟ್ಟರೆ ಯಾರಿಗೂ ತ್ರಾಸವಿಲ್ಲ.

ಫರ್ಮ್‌ವೇರ್ ತಾನೇ ನವೀಕರಣವಾಗುತ್ತದೆ, ಬೆಳಗಿನ ಜಾವ 3 ಗಂಟೆಗೆ. ನಮ್ಮ ಕಡೆ ಸಿಡಿಲಿನ ಭಯಕ್ಕೆ ಮಲಗುವ ಮುನ್ನ ಮೋಡೆಮ್, ಡಬ್ಬಿ ಎಲ್ಲದರ ಪ್ಲಗ್ ಕಿತ್ತಿಡುವುದು ರೂಢಿ, ಆ ರೂಢಿ ಸರಿಯೂ ಹೌದು. ಆದರೆ ಆ ಮನೆಯಲ್ಲಿ ನವೀಕರಣ ಎಂದೂ ಆಗುವುದಿಲ್ಲ. 2017ರ ಕ್ರ್ಯಾಕ್, 2021ರ ಫ್ರ್ಯಾಗ್‌ಅಟ್ಯಾಕ್ಸ್‌ನಂಥ ವೈಫೈ ದೋಷಗಳಿಗೆ ನವೀಕರಣ ಬಿಟ್ಟರೆ ಬೇರೆ ಮದ್ದಿಲ್ಲ. ಸಮಯವನ್ನು ಮಧ್ಯಾಹ್ನ 12ಕ್ಕೆ ಇಡಿ. ಬೆಳಿಗ್ಗೆ ಹೊರಟ ಅತಿಥಿಗಳು ಹೋಗಿರುತ್ತಾರೆ, ಹೊಸಬರು ಬಂದಿರುವುದಿಲ್ಲ.

ಕರೆಂಟ್ ಹೋಗಿ ಬಂದರೆ ಡಬ್ಬಿಯ ದಾಖಲೆಗಳೆಲ್ಲ ಅಳಿಸಿಹೋಗುತ್ತವೆ, ಅವು ಇರುವುದು ರ್‍ಯಾಮ್‌ನಲ್ಲಿ. ಗಡಿಯಾರವೂ ಹಿಂದಕ್ಕೆ ಓಡಿ, ಇಂಟರ್‌ನೆಟ್ ಸಿಕ್ಕಿದ ಮೇಲಷ್ಟೇ ಸರಿಯಾಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಕ್ಕೆ ನಾಲ್ಕು ಸಲ ಲೈನ್ ಹೋಗುವ ಕಡೆ, ನಿನ್ನೆ ರಾತ್ರಿ ನೆಟ್‌ವರ್ಕಿನಲ್ಲಿ ಯಾರಿದ್ದರು ಎಂಬುದಕ್ಕೆ ಪುರಾವೆ ಉಳಿಯುವುದಿಲ್ಲ. ದಾಖಲೆಯನ್ನು ಬೇರೊಂದು ಕಂಪ್ಯೂಟರಿಗೆ ಕಳಿಸುವ ಸೌಲಭ್ಯ ಈ ಸೆಟ್‌ನಲ್ಲಿಲ್ಲ. ಮೋಡೆಮ್‌ಗೂ ಮೊದಲ ಡಬ್ಬಿಗೂ ಸೇರಿ 12 ವೋಲ್ಟಿನ ಒಂದು ಮಿನಿ ಯುಪಿಎಸ್ ಇಟ್ಟರೆ ಸ್ವಲ್ಪ ಮಟ್ಟಿಗೆ ಪರಿಹಾರ. ಅಡಾಪ್ಟರ್‌ಗಳ ಮೇಲೆ ಬರೆದ ಆಂಪಿಯರ್ ಕೂಡಿಸಿ, ಯುಪಿಎಸ್ ಅಷ್ಟು ಕೊಡುತ್ತದೆಯೇ ನೋಡಿ ಕೊಳ್ಳಿ.

ಹಾಗಾದರೆ ಕೊಳ್ಳಬೇಕೇ? ಮನೆಯವರಿಗಷ್ಟೇ ಆದರೆ ಧಾರಾಳವಾಗಿ. ಒಂದೆರಡು ಕಾಟೇಜಿನ ಹೋಂಸ್ಟೇಗೆ, ರೌಟರ್ ಮೋಡ್‌ನಲ್ಲಿ, ಡಿವಿಆರ್ ಮೆಶ್ ಡಬ್ಬಿಗೆ ಚುಚ್ಚಿ, ಕಾಟೇಜಿನ ಡಬ್ಬಿ ಬೀಗದೊಳಗಿಟ್ಟರೆ ಸಾಕಾಗುತ್ತದೆ. ಅದಕ್ಕಿಂತ ದೊಡ್ಡದಿದ್ದರೆ ಈ ದುಡ್ಡು ಇದಕ್ಕೆ ಹಾಕಬೇಡಿ. ಎಂಟು ಪೋರ್ಟಿನ ಮ್ಯಾನೇಜ್ಡ್ ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟನ್ನೂ ಕೊಡುವ) ಸ್ವಿಚ್, ವಿಲ್ಯಾನ್ ಅರಿತ ಸೀಲಿಂಗ್ ಆ್ಯಕ್ಸೆಸ್ ಪಾಯಿಂಟ್‌ಗಳು, ಒಂದು ಪ್ರತ್ಯೇಕ ರೌಟರ್ ತೆಗೆದುಕೊಳ್ಳಿ. ಖರ್ಚು ಹೆಚ್ಚು, ಹೊಂದಿಸಲು ಬಲ್ಲವರೂ ಬೇಕು. ಆದರೆ ಅಲ್ಲಿ ಯಾರನ್ನು ನಂಬಬೇಕೆಂಬುದನ್ನು ನೀವು ಬರೆದುಕೊಡುತ್ತೀರಿ.

ಯಾವುದನ್ನೇ ಹಾಕಿ, ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ಕೇಬಲ್ ಎಳೆಯಬೇಡಿ. ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ಹೋಗುತ್ತದೆ ನಿಜ, ಏಪ್ರಿಲ್ ಮೇ ತಿಂಗಳ ಸಿಡಿಲು ಅದೇ ದಾರಿಯಲ್ಲಿ ಬಂದು ಎರಡೂ ತುದಿಯ ಪೋರ್ಟ್ ಸುಡುತ್ತದೆ. ಫೈಬರ್ ಡ್ರಾಪ್ ಕೇಬಲ್ ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಸಾದಾ ನೆಟ್‌ವರ್ಕ್ ಪೋರ್ಟಿಗೆ ಹೊಂದಿಸುವ ಪೆಟ್ಟಿಗೆ) ಹಾಕಿ. ಉಕ್ಕಿನ ಸರಿಗೆ ಇರುವ ಡ್ರಾಪ್ ಕೇಬಲ್ ಆದರೆ ಕಟ್ಟಡದೊಳಗೆ ಹೋಗುವ ಮುನ್ನ ಆ ಸರಿಗೆಯನ್ನು ಹೊರಗಡೆಯೇ ಕತ್ತರಿಸಿ ಬಿಡಬೇಕು. ನಡುವೆ ಸಾದಾ ಸ್ವಿಚ್ ಬಳಸಿದಾಗ ಕಾಟೇಜಿನಲ್ಲಿ ಮನೆಯ ವೈಫೈ ಬಂದು ಗೆಸ್ಟ್ ವೈಫೈಗೆ ಮಾತ್ರ ವಿಳಾಸ ಸಿಗದಿದ್ದರೆ, ಆ ಸ್ವಿಚ್ ಗೆಸ್ಟ್‌ನ ವಿಲ್ಯಾನ್ ಗುರುತಿರುವ ಫ್ರೇಮ್‌ಗಳನ್ನು (ಡೇಟಾದ ತುಣುಕುಗಳನ್ನು) ಎಸೆಯುತ್ತಿದೆ: ಸ್ವಿಚ್ ಬದಲಿಸಿ, ಗೆಸ್ಟ್ ಫೋನ್ ಹಿಡಿದು ಡಿವಿಆರ್ ವಿಳಾಸದ ಪರೀಕ್ಷೆಯನ್ನು ಅಲ್ಲಿ ಮತ್ತೊಮ್ಮೆ ಮಾಡಿ.